ಬಂದವರೆಲ್ಲ ಕುಣಿಯಬೇಕು

ಕರಪತ್ರದ ಕೊನೇ ಸಾಲು ನನ್ನದೇ:
‘ನೋಡಲಿಕ್ಕೆ ಅಂತ ಯಾರೂ ಬರಬೇಡಿ,
ಬಂದವರೆಲ್ಲ ಕುಣಿಯಬೇಕು.’
ಅಚ್ಚಾದ ಮೇಲೆ ಗೊತ್ತಾಯಿತು
ಕುಣಿಸುವ ಹೊಣೆಯೂ ನನ್ನದೇ ಎಂದು.
ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಡ್ರಿಲ್ ಟೀಚರು ನಾನು,
ಎಡ, ಬಲ ಬಿಟ್ಟರೆ ಬೇರೆ ವಿದ್ಯೆ ಬಾರದು.

ನಾಯಕರ ಕಾಲದ ಒಂದು ಸಂಜೆ,
ಕೋಟೆಯ ಮೇಲೆ, ಮಾಘದ ಹುಣ್ಣಿಮೆಗೆ.
ಕೈಯಲ್ಲಿರುವುದು ಏಳು ವಾರ.
ಏಳು ಸುತ್ತಿನ ಕೋಟೆಗೆ ಸರಿಹೋಯಿತಲ್ಲ ಎಂದರು ಕಮಿಟಿಯವರು.
ಅವರಿಗೇನು, ಕುರ್ಚಿ ಎಣಿಸುವವರು.

ತರಗತಿ ಮಂಗಳವಾರ, ಶುಕ್ರವಾರ, ಸಂಜೆ ಆರಕ್ಕೆ,
ದೊಡ್ಡಪೇಟೆಯ ಶೇಂಗಾ ಮಂಡಿಯ ಅಟ್ಟದಲ್ಲಿ.
ನಲವತ್ತು ಜನ ಒಟ್ಟಿಗೆ ಹೆಜ್ಜೆ ಹಾಕಿದರೆ
ಕೆಳಗೆ ರುದ್ರಮುನಿಯವರ ತಕ್ಕಡಿ ಅಲ್ಲಾಡುತ್ತದೆ.
‘ಮೇಡಂ, ನಿಮ್ಮ ಇತಿಹಾಸದಿಂದ
ಚೀಲಕ್ಕೆ ಇನ್ನೂರು ಗ್ರಾಂ ಹೆಚ್ಚುಕಮ್ಮಿ.’

ಹೆಸರು ಕೊಟ್ಟವರು ಹೆಂಗಸರು ಮೂವತ್ತೊಂದು,
ಗಂಡಸರು ಒಂಬತ್ತು,
ಅದರಲ್ಲಿ ಇಬ್ಬರು ಹೆಂಡತಿಯ ಚೀಲ ಹಿಡಿಯಲು ಬಂದವರು.
ಒನಕೆ ಹಿಡಿದು ನಿಲ್ಲುತ್ತೇವೆಂದವರು ಹದಿನಾಲ್ಕು.
ಕುಣಿತದಲ್ಲಿ ಒನಕೆ ಇಲ್ಲಮ್ಮಾ ಎಂದರೆ
ನನ್ನನ್ನೇ ಕಿಂಡಿಯಲ್ಲಿ ನುಸುಳಿ ಬಂದವಳಂತೆ ನೋಡುತ್ತಾರೆ.

ಜೋಡಿ ಕೂಡದ್ದಕ್ಕೆ ಒಂದು ಉಪಾಯ:
ರುಮಾಲು ಸುತ್ತಿದವರು ಹೊರಸುತ್ತು,
ಸುತ್ತದವರು ಒಳಸುತ್ತು. ಗಂಡೋ ಹೆಣ್ಣೋ ಕೇಳುವುದಿಲ್ಲ.
ಬ್ಯಾಂಕಿನ ಗಿರಿಜಾಂಬ ಇಷ್ಟಗಲ ನಕ್ಕು
ಮೊದಲ ರುಮಾಲು ಎತ್ತಿಕೊಂಡರು.
ಅವರ ಯಜಮಾನರು ಎದುರು ನಿಂತು
ಜನ್ಮದಲ್ಲೇ ಮೊದಲ ಸಲ ಹಿಂದು ಹಿಂದಕ್ಕೆ ನಡೆದರು.

ಇನ್ನು ಹೆಜ್ಜೆ.
ಸಿಕ್ಕ ಶಾಸನವನ್ನೆಲ್ಲ ಓದಿದೆ.
ಕೆರೆಗೆ ಬಿಟ್ಟ ಗದ್ದೆ ಇದೆ, ದೀಪದೆಣ್ಣೆಗೆ ಬಿಟ್ಟ ಗಾಣ ಇದೆ,
ತಪ್ಪಿದವನಿಗೆ ಕವಿಲೆ ಕೊಂದ ಪಾಪ ಇದೆ.
ಎಡಗಾಲು ಮೊದಲೋ ಬಲಗಾಲೋ
ಕಲ್ಲು ಕಂಡರಿಸಿದವನಿಗೆ ಅದು ಬರೆಯುವ ಸಂಗತಿಯೇ ಅಲ್ಲ.
ಎಲ್ಲರಿಗೂ ಗೊತ್ತಿದ್ದದ್ದೇ ಮೊದಲು ಕಳೆದುಹೋಗುವುದು.

ಆದ್ದರಿಂದ ಕಟ್ಟಿದೆ. ಕೋಲಾಟದಿಂದ ಎರಡು ಹೆಜ್ಜೆ,
ಉರುಮೆಯ ಬೋಸಯ್ಯನಿಂದ ಒಂದು ತಿರುಗು,
ಅವನ ಚಿಕ್ಕಮ್ಮ ಜಗಳಕ್ಕೆ ನಿಂತಾಗ
ಸೊಂಟದ ಮೇಲಿಡುವ ಕೈ.
ಉಳಿದದ್ದು ಸುಳ್ಳು. ತರಗತಿಯಲ್ಲಿ ಹೇಳಿಯೇಬಿಟ್ಟೆ,
ಇದು ಅವರು ಕುಣಿದದ್ದಲ್ಲ, ಕುಣಿದಿದ್ದರೆ ಅನ್ನುವುದು.
ಹಿಂದಿನ ಸಾಲಿನಿಂದ ದರ್ಜಿ ಖಾದರ್:
‘ಅಳತೆ ಕೊಡದವರಿಗೆ ಅಂಗಿ ಹೊಲಿದ ಹಾಗೆ ಅನ್ನಿ.’

ಐದನೇ ವಾರ ಕೋಟೆ ಹತ್ತಿದೆವು.
ಅಭ್ಯಾಸಕ್ಕೆ ಅನುಮತಿ ಐದೂವರೆವರೆಗೆ,
ಮೊಳೆ ಹೊಡೆಯುವಂತಿಲ್ಲ, ಜಮಖಾನ ಹಾಸುವಂತಿಲ್ಲ.
ಉಯ್ಯಾಲೆ ಕಂಬದ ಈಚೆ, ಬಂಡೆ ಇಳಿಜಾರಾಗುವಲ್ಲಿ,
ಅಟ್ಟದಲ್ಲಿ ಕಲಿತ ಹಾರುಹೆಜ್ಜೆ ಹಾಕಿದ್ದೇ ತಡ
ಮೂವರು ಜಾರಿದರು. ಸುತ್ತು ಕೋಳಿಮೊಟ್ಟೆಯಾಯಿತು.
ಮತ್ತೊಂದು ಸಲ. ಮತ್ತೊಂದು ಸಲ.
ನಾಲ್ಕನೆಯದರಲ್ಲಿ ಯಾರೂ ಹಾರಲಿಲ್ಲ.
ಹೇಳದೆ ಕೇಳದೆ ನಲವತ್ತೂ ಜನ
ಪಾದ ಎತ್ತದೆ, ಎಡಗಾಲನ್ನು ಬಂಡೆಗೆ ಒಪ್ಪಿಸಿ,
ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡರು.
ಬೋಸಯ್ಯ ಬಡಿಯುವುದು ಬಿಟ್ಟು
ಕೋಲನ್ನು ತೊಗಲಿಗೆ ಉಜ್ಜಿದ.
ಉರುಮೆ ಹೂಂ ಎಂದಿತು, ಹೂಂ, ಹೂಂ,
ಕತೆ ಕೇಳುವ ಮುದುಕನ ಹಾಗೆ.

ಪುಸ್ತಕ ತೆಗೆದು ಗೀಟು ಹೊಡೆದೆ,
ಹಾರು ಎಂದಿದ್ದಲ್ಲೆಲ್ಲ ಜಾರು ಎಂದು ತಿದ್ದಿದೆ.
ಅವರೂ ಹೀಗೇ ಕುಣಿದಿರಬೇಕು ಎಂದೆ.
ಗಿರಿಜಾಂಬ ಏದುಸಿರಲ್ಲೇ,
‘ಅವರ ಕಾಲಲ್ಲಿ ಮೆಟ್ಟು ಇತ್ತೋ, ಬರಿಗಾಲೋ?’
ಗೊತ್ತಿಲ್ಲ. ಅದನ್ನೂ ಬರೆದುಕೊಂಡೆ.

ಶುಕ್ರವಾರ: ಎಡಗಾಲು ಮೊದಲು, ಎಲ್ಲರಿಗೂ ಹೊಸದಾಗಿ.
ಖಾದರ್‌ಗೆ ರುಮಾಲಿನ ಬಟ್ಟೆಯ ದುಡ್ಡು.
ಜಾರಿದ ಮೂವರಿಗೆ ಮಂಡಿನೋವಿನ ಎಣ್ಣೆ.
ರುದ್ರಮುನಿಯವರಿಗೆ ಹೇಳಬೇಕು
ಇನ್ನು ತಕ್ಕಡಿ ಅಲ್ಲಾಡುವುದಿಲ್ಲ ಎಂದು.